ಕಂಪ್ಯೂಟರಿನ ಬೀಗದ ಕೈ: ಮುಕ್ತ ತಂತ್ರಾಂಶಕ್ಕೆ ಬದಲಾದವರ ಕತೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲವನ್ನು ನಿಲ್ಲಿಸಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಭದ್ರತೆಯ ಅಪ್‌ಡೇಟ್ ಸಿಗುವ ಏರ್ಪಾಡು ಮಾಡಿತು, ಅಷ್ಟೇ. ಮುಂದಿನದು ವಿಂಡೋಸ್ 11. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ಸುಮಾರಾಗಿ 2018ಕ್ಕಿಂತ ಮೊದಲು ಬಂದ ಹೆಚ್ಚಿನ ಯಂತ್ರಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಈ ಸುದ್ದಿ ಹಳ್ಳಿಯವರಿಗೆ ಯಾಕೆ ಬೇಕು? ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿ, ಹಾಲಿನ ಡೇರಿ, ಸೊಸೈಟಿ, ಪ್ರೌಢಶಾಲೆಯ ಲ್ಯಾಬ್, ಇಲ್ಲೆಲ್ಲ ನಾವು ನೋಡುವುದು ಹೆಚ್ಚಾಗಿ ಇಂಥ ಹಳೆಯ ಡೆಸ್ಕ್‌ಟಾಪ್‌ಗಳನ್ನೇ. ಕೀಬೋರ್ಡಿನ ಅಕ್ಷರ ಸವೆದಿದ್ದರೂ ಕೆಲಸ ನಡೆಯುತ್ತಿದೆ. ಆದರೆ ಅದರ ಆಯಸ್ಸು ಮುಗಿಯಿತು ಎಂದು ತೀರ್ಮಾನಿಸಿದವರು ಅಂಗಡಿಯವರೂ ಅಲ್ಲ, ಹೆಡ್‌ಮಾಸ್ಟರೂ ಅಲ್ಲ.

ಆಗ ಯಾರಾದರೂ ಒಬ್ಬರು ಹೇಳುತ್ತಾರೆ: "ಲಿನಕ್ಸ್ ಹಾಕಿಸಿ ಸಾರ್, ಪುಕ್ಕಟೆ. ಹಳೇ ಮಷೀನಲ್ಲೂ ಓಡುತ್ತೆ." ಮಾತು ನಿಜ. ಆದರೆ ಪೂರ್ತಿ ಕತೆ ಅದಲ್ಲ. ಈ ದಾರಿಯಲ್ಲಿ ಜನ ಇಪ್ಪತ್ತೈದು ವರ್ಷದಿಂದ ನಡೆದಿದ್ದಾರೆ. ಕೆಲವರು ಊರು ಮುಟ್ಟಿದರು, ಕೆಲವರು ಹೋದ ದಾರಿಯಲ್ಲೇ ವಾಪಸು ಬಂದರು. ಯಾರು ಮುಟ್ಟಿದರು, ಯಾರು ತಿರುಗಿದರು, ಯಾಕೆ ಎಂಬುದನ್ನು ತಿಳಿದು ಹೊರಟರೆ ನಮಗೆ ಎಡವುವುದು ಕಡಿಮೆ. ಅದಕ್ಕಾಗಿ ಈ ಬರಹ.

ಒಂದು ಪ್ರಿಂಟರಿನಿಂದ ಶುರುವಾದದ್ದು

ಮೊದಲು ಮೂಲ ಕತೆ, ಚಿಕ್ಕದಾಗಿ.

ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯ ಲ್ಯಾಬಿನಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಪ್ರೋಗ್ರಾಮರ್ ಇದ್ದರು. 1980ರ ಸುಮಾರಿಗೆ ಆ ಲ್ಯಾಬಿಗೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಕಾಗದ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನ ಪ್ರೋಗ್ರಾಮನ್ನು ಸ್ಟಾಲ್‌ಮನ್ ತಿದ್ದಿ, ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸಂದೇಶ ಹೋಗುವಂತೆ ಮಾಡಿದ್ದರು. ಹೊಸದಕ್ಕೂ ಹಾಗೆಯೇ ಮಾಡೋಣವೆಂದರೆ ಅದರ ಪ್ರೋಗ್ರಾಮಿನ ಬರವಣಿಗೆಯನ್ನು, ಅಂದರೆ ಸೋರ್ಸ್ ಕೋಡನ್ನು, ಕಂಪನಿ ಕೊಟ್ಟಿರಲಿಲ್ಲ. ಅದು ಇದ್ದ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗಿ ಕೇಳಿದರು. ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಸಹಿ ಹಾಕಿಕೊಟ್ಟಿದ್ದೇನೆ ಎಂದು ಅವರು ಕೈಚೆಲ್ಲಿದರು.

ನಮ್ಮ ಕಡೆ ಹೇಳುವುದಾದರೆ, ಪಂಪ್‌ಸೆಟ್ ಕೊಂಡಿದ್ದೀರಿ, ದುಡ್ಡು ಕೊಟ್ಟಿದ್ದೀರಿ, ಆದರೆ ಬಿಚ್ಚಿ ನೋಡುವ ಹಾಗಿಲ್ಲ. ಊರಿನ ಮೆಕ್ಯಾನಿಕ್‌ಗೆ ರಿಪೇರಿ ಗೊತ್ತಿದ್ದರೂ ಮುಟ್ಟುವ ಹಾಗಿಲ್ಲ. ಬೀಗದ ಕೈ ಕಂಪನಿಯ ಹತ್ತಿರ.

1983ರ ಸೆಪ್ಟೆಂಬರಿನಲ್ಲಿ ಸ್ಟಾಲ್‌ಮನ್ 'ಗ್ನೂ' ಎಂಬ ಯೋಜನೆ ಘೋಷಿಸಿದರು. ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಇನ್ನೊಬ್ಬರಿಗೆ ಹಂಚಬಹುದಾದ ಪೂರ್ತಿ ವ್ಯವಸ್ಥೆಯೊಂದನ್ನು ಕಟ್ಟುವುದು ಅದರ ಗುರಿ. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬ ಹುಡುಗ ಅದಕ್ಕೆ ಬೇಕಾಗಿದ್ದ ತಿರುಳನ್ನು ಬರೆದ. ಅದೇ ಲಿನಕ್ಸ್. ಎರಡೂ ಸೇರಿ ಗ್ನೂ/ಲಿನಕ್ಸ್ ಆಯಿತು. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಅದರ ತಿರುಳೂ ಲಿನಕ್ಸೇ. ಅದರ ಮೇಲೆ ಕೂತಿರುವ ಎಷ್ಟೋ ಆಪ್‌ಗಳು ಮಾತ್ರ ಬೀಗ ಹಾಕಿದಂಥವು.

ಡೆಸ್ಕ್‌ಟಾಪಿಗೆ ಬೇಕಾದ ಮಿಕ್ಕ ಸಾಮಾನು ಒಂದೊಂದಾಗಿ ಬಂತು. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಕೆಲಸ ಶುರುವಾಯಿತು. ಪರದೆಯ ಮೇಲೆ ಕಾಣುವ ಮೆನು, ಕಿಟಕಿ, ಐಕಾನ್ ಎಲ್ಲ ಇವುಗಳದೇ. 2002ರಲ್ಲಿ ಓಪನ್ ಆಫೀಸ್ 1.0 ಬಂತು. ಪತ್ರ ಬರೆಯುವುದು, ಲೆಕ್ಕದ ಪಟ್ಟಿ ಮಾಡುವುದು ಅದರಲ್ಲಿ ಸಾಧ್ಯವಾಯಿತು. 2010ರಲ್ಲಿ ಅದರಿಂದ ಕವಲೊಡೆದದ್ದೇ ಇಂದಿನ ಲಿಬ್ರೆಆಫೀಸ್. 2004ರಲ್ಲಿ ಉಬುಂಟು ಬಂದಾಗ ಕೇಳಿದವರ ಮನೆಗೆ ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ಇಂಟರ್‌ನೆಟ್ ನಿಧಾನವಿದ್ದ ಊರುಗಳಿಗೆ ಅದು ದೊಡ್ಡ ಉಪಕಾರವಾಗಿತ್ತು.

ಸಾಮಾನು ಸಿದ್ಧವಾಯಿತು. ಇನ್ನು ಬಳಸುವವರ ಕತೆ.

ಕೇರಳದ ಮೇಷ್ಟರುಗಳು ಹಿಡಿದ ಹಟ

ಪಕ್ಕದ ಕೇರಳದಲ್ಲಿ 2001ರಲ್ಲಿ 'ಐಟಿ ಅಟ್ ಸ್ಕೂಲ್' ಎಂಬ ಯೋಜನೆ ಶುರುವಾಯಿತು. ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಬೇಕೆಂದು ದಾರಿ ತೋರಿಸಿದ ಸಮಿತಿಯ ಅಧ್ಯಕ್ಷರು ನಮ್ಮವರೇ: ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ, ಇಸ್ರೋ ಅಧ್ಯಕ್ಷರಾಗಿದ್ದ ಪ್ರೊ. ಯು.ಆರ್. ರಾವ್.

ಶುರುವಿನಲ್ಲಿ ಪಾಠವೆಲ್ಲ ವಿಂಡೋಸ್ ಮತ್ತು ಮೈಕ್ರೋಸಾಫ್ಟ್ ಆಫೀಸಿನ ಸುತ್ತಲೇ ಇತ್ತು. ಇದಕ್ಕೆ ಶಿಕ್ಷಕರ ಸಂಘಟನೆಯಿಂದ ತಕರಾರು ಬಂತು. ಸರ್ಕಾರಿ ಶಾಲೆಯ ಪುಸ್ತಕ ಒಂದು ಕಂಪನಿಯ ಸರಕನ್ನು ಕಲಿಸುವ ಪುಸ್ತಕ ಆಗಬಾರದು, ಕಂಪ್ಯೂಟರನ್ನು ಕಲಿಸುವ ಪುಸ್ತಕ ಆಗಬೇಕು ಎಂಬುದು ಅದರ ಸಾರ. ಅದೇ 2001ರ ಜುಲೈನಲ್ಲಿ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದು ಭಾರತದ ಮುಕ್ತ ತಂತ್ರಾಂಶ ಪ್ರತಿಷ್ಠಾನವನ್ನು ಉದ್ಘಾಟಿಸಿದ್ದರು. ಮುಂದೆ ಮುಖ್ಯಮಂತ್ರಿಯಾದ ವಿ.ಎಸ್. ಅಚ್ಯುತಾನಂದನ್ ಕೂಡ ಈ ವಿಚಾರದ ಬೆನ್ನಿಗೆ ನಿಂತರು. ಕೆಲವು ವರ್ಷ ಎರಡೂ ಜೊತೆಯಲ್ಲಿ ನಡೆದವು. ಆಮೇಲೆ ಡೆಬಿಯನ್ ಎಂಬ ಗ್ನೂ/ಲಿನಕ್ಸನ್ನು ಶಾಲೆಗೆ ತಕ್ಕಂತೆ ತಿದ್ದಿ, ತಮ್ಮದೇ ಆವೃತ್ತಿ ಮಾಡಿಕೊಂಡರು. ಆ ದಶಕ ಮುಗಿಯುವುದರೊಳಗೆ ಹತ್ತನೇ ತರಗತಿಯ ಐಟಿ ಪರೀಕ್ಷೆ ಪೂರ್ತಿ ಅದರ ಮೇಲೆಯೇ ನಡೆಯತೊಡಗಿತು.

ಇಲ್ಲಿ ಗಮನಿಸಬೇಕಾದ್ದು ಪಾಠ ಮಾಡಿದವರು ಯಾರು ಎಂಬುದನ್ನು. ಕೇರಳ ಕಂಪ್ಯೂಟರ್ ಪಾಠಕ್ಕೆ ಹೊರಗಿನ ಕಂಪನಿಯಿಂದ ಬೋಧಕರನ್ನು ತರಿಸಲಿಲ್ಲ. ಗಣಿತ, ಸಮಾಜ, ಮಲಯಾಳಂ ಕಲಿಸುತ್ತಿದ್ದ ಮೇಷ್ಟರು, ಟೀಚರಮ್ಮಂದಿರಿಗೇ ತರಬೇತಿ ಕೊಟ್ಟಿತು. ಕಲಿತವರಲ್ಲಿ ಕೆಲವರನ್ನು ಆರಿಸಿ ಮಾಸ್ಟರ್ ಟ್ರೇನರ್ ಮಾಡಿತು. ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ಲ್ಯಾಬಿನ ಜವಾಬ್ದಾರಿ ಕೊಟ್ಟಿತು. ಯಂತ್ರ ಹಟ ಮಾಡಿದರೆ ಕೇಳಲು ಪಕ್ಕದ ಶಾಲೆಯಲ್ಲಿ ಒಬ್ಬ ಮೇಷ್ಟರಿದ್ದರು. ಮಕ್ಕಳಿಗೂ ಇನ್‌ಸ್ಟಾಲ್ ಮಾಡುವುದು, ಸಣ್ಣಪುಟ್ಟ ರಿಪೇರಿ ಮಾಡುವುದನ್ನು ಹೇಳಿಕೊಟ್ಟರು.

ಪಾಠದ ಸಾಮಾನೂ ಬದಲಾಯಿತು. ಟೈಪ್ ಮಾಡುವುದು, ಟೇಬಲ್ ಹಾಕುವುದಕ್ಕೆ ಮುಗಿಯದೆ, ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆದು ಕೋನ ಅಳೆಯುವುದು, ಗಿಂಪ್‌ನಲ್ಲಿ ಚಿತ್ರ ಮಾಡುವುದು, ಪೈಥಾನ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆಯುವುದು ಶಾಲೆಯೊಳಗೆ ಬಂತು. ಇವೆಲ್ಲವನ್ನೂ ಮಕ್ಕಳು ಮನೆಯ ಕಂಪ್ಯೂಟರಿಗೆ ಹಾಕಿಕೊಳ್ಳಬಹುದಿತ್ತು. ಕದ್ದ ಸಿಡಿ ಬೇಡ, ಕ್ರ್ಯಾಕ್ ಬೇಡ.

ಕಾಸರಗೋಡಿನ ನಮ್ಮ ಓದುಗರಿಗೆ ಇದು ಹೊಸದಲ್ಲ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಪಠ್ಯಕ್ರಮದ ಐಟಿ ಪುಸ್ತಕವನ್ನು ಕನ್ನಡದಲ್ಲೇ ಓದುತ್ತಾರೆ, ಗ್ನೂ/ಲಿನಕ್ಸ್ ಮೇಲೆಯೇ ಪ್ರಾಕ್ಟಿಕಲ್ ಮಾಡುತ್ತಾರೆ. ಕನ್ನಡದ ಹಳ್ಳಿ ಮಕ್ಕಳಿಗೆ ಲಿನಕ್ಸ್ ಕಷ್ಟ ಎನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಬಹುದು.

2017ರಲ್ಲಿ ಈ ಯೋಜನೆ 'ಕೈಟ್' ಎಂಬ ಸರ್ಕಾರಿ ಕಂಪನಿಯಾಯಿತು. ಸರ್ಕಾರಗಳು ಬದಲಾದವು, ಆವೃತ್ತಿಗಳು ಬದಲಾದವು, ತಳಹದಿ ಡೆಬಿಯನ್‌ನಿಂದ ಉಬುಂಟುಗೆ ಹೋಯಿತು. 2019ರಲ್ಲಿ ಕೈಟ್ ಹೊಸ ಆವೃತ್ತಿ ಹೊರತಂದಾಗ ಅದು ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರ್‌ಗಳಿಗೆ ಎಂದು ಲೆಕ್ಕ ಕೊಟ್ಟಿತು. ಪೇಟೆಯಲ್ಲಿ ಲೈಸೆನ್ಸ್ ಕೊಂಡಿದ್ದರೆ ಸುಮಾರು 3,000 ಕೋಟಿ ರೂಪಾಯಿ ಖರ್ಚಾಗುತ್ತಿತ್ತು ಎಂಬುದು ಅದೇ ಸಂಸ್ಥೆಯ ಅಂದಾಜು. ಉಳಿದ ಹಣಕ್ಕಿಂತಲೂ ನಮಗೆ ಮುಖ್ಯವಾಗಿ ಕಾಣುವುದು, ಅಷ್ಟು ವರ್ಷ ಬದಲಾವಣೆ ಬಿದ್ದುಹೋಗಲಿಲ್ಲ ಎಂಬುದು. ಯಾವುದೋ ಅಧಿಕಾರಿ ವರ್ಗವಾದ ಕೂಡಲೇ ಮುಗಿದುಹೋಗುವ ಯೋಜನೆಗಳನ್ನು ನಾವು ಎಷ್ಟು ನೋಡಿಲ್ಲ?

ಬದಲಾದವರ ದಿನಚರಿ

ಇಷ್ಟು ಓದಿದರೆ ಎಲ್ಲ ಸಲೀಸಾಗಿತ್ತು ಅನ್ನಿಸಬಹುದು. ಹಾಗಿರಲಿಲ್ಲ.

2000ದ ಆಸುಪಾಸಿನಲ್ಲಿ ಲಿನಕ್ಸ್ ಹಾಕಿದವರ ಮೊದಲ ವಾರ ಹೀಗಿರುತ್ತಿತ್ತು. ಪರದೆ ಬಂತು, ಶಬ್ದ ಬರಲಿಲ್ಲ. ಇಂಟರ್‌ನೆಟ್ಟಿಗೆ ಬೇಕಾದ ಮೋಡೆಮ್ ವಿಂಡೋಸಿಗಾಗಿಯೇ ಮಾಡಿದ್ದು, ಇಲ್ಲಿ ಮಾತಾಡುತ್ತಿರಲಿಲ್ಲ. ಪ್ರಿಂಟರ್ ಒಂದು ಬಗೆಯದಾದರೆ ತಕ್ಷಣ ಓಡುತ್ತಿತ್ತು, ಇನ್ನೊಂದು ಬಗೆಯದಾದರೆ ಅದರ ಡ್ರೈವರೇ ಇರುತ್ತಿರಲಿಲ್ಲ. ಎಂಪಿ3 ಹಾಡು ಹಚ್ಚಿದರೆ ಎಷ್ಟೋ ಆವೃತ್ತಿಗಳಲ್ಲಿ ಮೌನ. ಆ ತಂತ್ರದ ಮೇಲೆ ಪೇಟೆಂಟ್ ಇದ್ದದ್ದರಿಂದ ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಸಿಡಿ ಹಾಕಿದರೆ ತಾನಾಗಿ ತೆರೆಯುತ್ತಿರಲಿಲ್ಲ, 'ಮೌಂಟ್' ಎಂದು ಆಜ್ಞೆ ಕೊಡಬೇಕಿತ್ತು. ಈ ತೊಂದರೆಗಳಲ್ಲಿ ಹೆಚ್ಚಿನವು ಇಂದು ಇಲ್ಲ.

ಇಂದಿಗೂ ಉಳಿದಿರುವುದು ಕಡತದ ತೊಂದರೆ. ವರ್ಡ್‌ನಲ್ಲಿ ಮಾಡಿದ ಅರ್ಜಿ ನಮೂನೆಯನ್ನು ಲಿಬ್ರೆಆಫೀಸಿನಲ್ಲಿ ತೆರೆದರೆ ಕೆಲವೊಮ್ಮೆ ಟೇಬಲ್ ಸೊಟ್ಟಗಾಗುತ್ತದೆ, ಒಂದು ಪುಟದ್ದು ಒಂದೂವರೆ ಪುಟವಾಗುತ್ತದೆ. "ಈ ಸಾಫ್ಟ್‌ವೇರ್ ಸರಿ ಇಲ್ಲ" ಎಂಬ ಮಾತು ಬರುವುದು ಇಲ್ಲೇ. ಇದಕ್ಕೆ ಒಂದು ಸಾಮಾನ್ಯ ಕಾರಣ ಫಾಂಟ್. ಅರ್ಜಿ ಮಾಡಿದವರು ಬಳಸಿದ ಫಾಂಟ್ ಈ ಯಂತ್ರದಲ್ಲಿ ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ. ಅದರ ಅಕ್ಷರಗಳ ಅಗಲ ಬೇರೆ, ಹಾಗಾಗಿ ಸಾಲು ಮುರಿಯುವ ಜಾಗವೂ ಬೇರೆ. 2007ರಲ್ಲಿ ರೆಡ್ ಹ್ಯಾಟ್ ಕಂಪನಿ 'ಲಿಬರೇಷನ್' ಎಂಬ ಮುಕ್ತ ಫಾಂಟುಗಳನ್ನು ಬಿಟ್ಟಿತು. ಅವುಗಳ ಅಕ್ಷರಗಳು ಟೈಮ್ಸ್ ನ್ಯೂ ರೋಮನ್, ಏರಿಯಲ್ ಅಕ್ಷರಗಳಷ್ಟೇ ಅಗಲ. ಇಂಗ್ಲಿಷ್ ಕಡತಗಳ ಗೋಳು ಇದರಿಂದ ಎಷ್ಟೋ ತಗ್ಗಿತು.

ಇನ್ನೊಂದು ಕಾರಣ ಕಡತದ ಬಗೆ. ಹಳೆಯ ವರ್ಡ್ ಕಡತದ ಒಳರಚನೆ ಎಷ್ಟೋ ವರ್ಷ ಒಂದು ಕಂಪನಿಗಷ್ಟೇ ಪೂರ್ತಿ ಗೊತ್ತಿತ್ತು. ಬೇರೆಯವರು ಊಹಿಸಿ ತೆರೆಯುತ್ತಿದ್ದರು. ಇದಕ್ಕೆ ಉತ್ತರವಾಗಿ ಬಂದದ್ದು ಓಡಿಎಫ್ ಎಂಬ ಬಹಿರಂಗ ಮಾನದಂಡ. 2006ರಲ್ಲಿ ಅದಕ್ಕೆ ಐಎಸ್‌ಒ ಮನ್ನಣೆ ಸಿಕ್ಕಿತು. ಯಂತ್ರ ಐದು ವರ್ಷ ಇರುತ್ತದೆಯೋ ಹತ್ತು ವರ್ಷವೋ, ಕಡತ ಮಾತ್ರ ಅದಕ್ಕಿಂತ ಹೆಚ್ಚು ಕಾಲ ಬಾಳಬೇಕು. ಗ್ರಾಮಸಭೆಯ ನಡಾವಳಿ, ಶಾಲೆಯ ದಾಖಲಾತಿ, ಸಂಘದ ಸಾಲದ ಲೆಕ್ಕ, ಇವೆಲ್ಲ ಮೂವತ್ತು ವರ್ಷದ ನಂತರವೂ ತೆರೆಯಬೇಕಾದಂಥವು.

ಮ್ಯೂನಿಕ್: ಹೋಗಿ ಬಂದ ದಾರಿ

ಜರ್ಮನಿಯ ಮ್ಯೂನಿಕ್ ನಗರದ ಕತೆ ಬೇರೆ. 2003ರ ಮೇ ತಿಂಗಳಲ್ಲಿ ಅಲ್ಲಿನ ನಗರಸಭೆ ವಿಂಡೋಸ್ ಬಿಟ್ಟು ಲಿನಕ್ಸಿಗೆ ಹೋಗಲು ತೀರ್ಮಾನಿಸಿತು. ಅವರ ಬಳಿ ಇದ್ದದ್ದು ವಿಂಡೋಸ್ ಎನ್‌ಟಿ 4, ಅದರ ಬೆಂಬಲ ಮುಗಿಯುತ್ತಿತ್ತು. ಇಂದು ನಮ್ಮ ಯಂತ್ರಗಳಿಗೆ ಬಂದ ಸ್ಥಿತಿಯೇ. ಸುದ್ದಿ ಎಷ್ಟು ದೊಡ್ಡದಾಯಿತೆಂದರೆ, ಮೈಕ್ರೋಸಾಫ್ಟಿನ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಲ್ಮರ್ ರಜೆಯನ್ನು ಅರ್ಧಕ್ಕೆ ನಿಲ್ಲಿಸಿ ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನು ನೋಡಲು ಬಂದರು. ಆದರೂ ನಗರಸಭೆ ಹಿಂದೆ ಸರಿಯಲಿಲ್ಲ.

ಕೆಲಸ ಶುರುವಾದ ಮೇಲೆ ಗೊತ್ತಾಯಿತು, ಲಿನಕ್ಸ್ ಹಾಕುವುದು ಸುಲಭದ ಭಾಗ. ನಗರಾಡಳಿತದ ಒಂದೊಂದು ಇಲಾಖೆಯೂ ತನ್ನದೇ ಕಂಪ್ಯೂಟರ್ ವಿಭಾಗ ಇಟ್ಟುಕೊಂಡಿತ್ತು. ಪತ್ರದ ನಮೂನೆಗಳು, ಮ್ಯಾಕ್ರೋ ಎಂಬ ಪುಟ್ಟ ಪ್ರೋಗ್ರಾಮುಗಳು ಸಾವಿರಗಟ್ಟಲೆ ಇದ್ದವು. ಅವನ್ನೆಲ್ಲ ಹುಡುಕಿ, ಒಂದೇ ತೆರನಾದದ್ದನ್ನು ಸೇರಿಸಿ, ಹೊಸದಾಗಿ ಮಾಡಬೇಕಾಯಿತು. ನಗರದ ತಂಡವೇ 'ವೋಲ್‌ಮುಕ್ಸ್' ಎಂಬ ತಂತ್ರಾಂಶ ಬರೆದು ಆ ಕೆಲಸ ಮುಗಿಸಿತು, ಅದನ್ನು ಬೇರೆಯವರೂ ಬಳಸಲಿ ಎಂದು ಮುಕ್ತವಾಗಿ ಬಿಟ್ಟಿತು. 2013ರ ಕೊನೆಗೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಬದಲಾದವು. ಗುರಿ ಮುಟ್ಟಿದಂತಾಯಿತು.

ಆದರೆ 2017ರ ನವೆಂಬರಿನಲ್ಲಿ ಅದೇ ನಗರಸಭೆ ವಿಂಡೋಸಿಗೆ ವಾಪಸು ಹೋಗಲು ನಿರ್ಧರಿಸಿತು. ಹೊಸ ಮೇಯರ್ ಬಂದಿದ್ದರು. ಬೇರೆ ಕಚೇರಿಗಳ ಜೊತೆ ಕಡತ ಹಂಚಿಕೊಳ್ಳುವಾಗ ತೊಂದರೆ, ಕೆಲವು ವಿಶೇಷ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ಓಡುತ್ತವೆ ಎಂಬ ದೂರುಗಳಿದ್ದವು. ಆದರೆ ನಗರವೇ ಮಾಡಿಸಿದ ತಜ್ಞರ ವರದಿ, ತೊಂದರೆಯ ದೊಡ್ಡ ಪಾಲು ಇಲಾಖೆಗಳ ನಡುವಿನ ಹೊಂದಾಣಿಕೆ, ಆಡಳಿತದ ಏರ್ಪಾಡಿನಲ್ಲಿದೆ ಎಂದು ಹೇಳಿತ್ತು. ಪ್ರಿಂಟರ್ ಓಡದಿದ್ದರೂ ಲಿನಕ್ಸ್ ಕಾರಣ, ಫೋನಿಗೆ ಮೇಲ್ ಬಾರದಿದ್ದರೂ ಲಿನಕ್ಸ್ ಕಾರಣ ಎಂಬಂತಾಗಿತ್ತು. 2020ರಲ್ಲಿ ಬಂದ ಹೊಸ ಮೈತ್ರಿ ಮತ್ತೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂದಿತು.

ಕೇರಳಕ್ಕೂ ಮ್ಯೂನಿಕ್‌ಗೂ ಏನು ವ್ಯತ್ಯಾಸ? ನಮಗೆ ಕಾಣುವುದು ಇಷ್ಟು. ಕೇರಳದಲ್ಲಿ ಬೇಡಿಕೆ ಎದ್ದದ್ದು ಕೀಬೋರ್ಡ್ ಮುಂದೆ ಕೂರುವ ಮೇಷ್ಟರುಗಳ ನಡುವಿನಿಂದ. ಮ್ಯೂನಿಕ್‌ನಲ್ಲಿ ಅದು ಮೇಲಿನಿಂದ ಬಂದ ತೀರ್ಮಾನ. ಕೆಳಗಿನ ಗುಮಾಸ್ತರು ಅದನ್ನು ತಮ್ಮದು ಅಂದುಕೊಂಡಿದ್ದರೆ ದೂರು ಬಂದಾಗ ಅದರ ಪರವಾಗಿ ಮಾತಾಡುವವರು ಇರುತ್ತಿದ್ದರು.

ಫ್ರಾನ್ಸಿನ ಹಳ್ಳಿ ಪೊಲೀಸರು

ಫ್ರಾನ್ಸಿನಲ್ಲಿ ಹಳ್ಳಿ ಮತ್ತು ಸಣ್ಣ ಊರುಗಳ ಕಾವಲು ನೋಡಿಕೊಳ್ಳುವ 'ಜಾಂಡಾರ್ಮರಿ' ಎಂಬ ಪೊಲೀಸ್ ಪಡೆ ಇದೆ. ಅವರು ಅವಸರ ಮಾಡಲಿಲ್ಲ.

2005ರಲ್ಲಿ ವಿಂಡೋಸ್ ಹಾಗೇ ಇಟ್ಟುಕೊಂಡು, ಅದರ ಮೇಲೆ ಓಪನ್ ಆಫೀಸ್ ಹಾಕಿದರು. 2006ರಲ್ಲಿ ಬ್ರೌಸರ್ ಬದಲಿಸಿ ಫೈರ್‌ಫಾಕ್ಸ್, ಮೇಲ್‌ಗೆ ಥಂಡರ್‌ಬರ್ಡ್ ತಂದರು. ಸಿಬ್ಬಂದಿಯ ಕೈಗೆ ಅವು ರೂಢಿಯಾದವು. 2008ರಿಂದ ಕೆಳಗಿನ ವಿಂಡೋಸ್ ತೆಗೆದು ಉಬುಂಟು ಹಾಕತೊಡಗಿದರು. ಬೆಳಿಗ್ಗೆ ಬಂದು ಕೂತವರಿಗೆ ನಿನ್ನೆಯ ಆಫೀಸ್, ನಿನ್ನೆಯ ಬ್ರೌಸರ್, ನಿನ್ನೆಯ ಮೇಲೇ ಕಾಣಿಸಿತು. ಐಕಾನ್ ಮತ್ತು ಆಟಗಳು ಬಿಟ್ಟರೆ ದೊಡ್ಡ ವ್ಯತ್ಯಾಸ ಇರಲಿಲ್ಲ ಎಂದು ಅವರ ಅಧಿಕಾರಿಯೊಬ್ಬರು ಆಗ ಹೇಳಿದ್ದರು. ವಿಂಡೋಸ್ ಎಕ್ಸ್‌ಪಿಯಿಂದ ವಿಸ್ಟಾಗೆ ಹೋಗಿದ್ದರೂ ಹೊಸದಾಗಿ ಕಲಿಯುವುದು ತಪ್ಪುತ್ತಿರಲಿಲ್ಲ. 2024ರ ಹೊತ್ತಿಗೆ ಅವರ ಒಂದು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಲ್ಲಿ ನೂರಕ್ಕೆ 97ರಷ್ಟು ಲಿನಕ್ಸಿನಲ್ಲಿದ್ದವು. ಮೊದಲ ಹೆಜ್ಜೆಯಿಂದ ಲೆಕ್ಕ ಹಾಕಿದರೆ ಸುಮಾರು ಇಪ್ಪತ್ತು ವರ್ಷ.

ಅದೇ 2024ರಲ್ಲಿ ಜರ್ಮನಿಯ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಕಂಪ್ಯೂಟರ್‌ಗಳನ್ನು ಲಿಬ್ರೆಆಫೀಸಿಗೆ ಬದಲಿಸುವುದಾಗಿ ಹೇಳಿತು. ಅವರದೂ ಆಫೀಸ್ ಮೊದಲು, ವಿಂಡೋಸ್ ಆಮೇಲೆ.

ನಮ್ಮ ಕನ್ನಡದ ಗಂಟು

ಇಷ್ಟೂ ಕತೆ ಓದಿದ ಮೇಲೆ ನಮ್ಮೂರಿನ ಡಿಟಿಪಿಯವರು ಕೇಳುವ ಪ್ರಶ್ನೆ ಒಂದೇ: "ಅದೆಲ್ಲ ಸರಿ, ನುಡಿ ಬರುತ್ತಾ?"

ಸ್ಪೇನಿನ ಎಕ್ಸ್‌ಟ್ರೆಮದೂರ ಎಂಬ ಬಡ ಕೃಷಿ ಸೀಮೆಯಲ್ಲಿ 2002ರಲ್ಲಿ ತಮ್ಮದೇ ಲಿನಕ್ಸ್ ಮಾಡಿಕೊಂಡಾಗ, ಪ್ರೋಗ್ರಾಮುಗಳಿಗೆ ಆ ನಾಡಿನ ದೊಡ್ಡವರ ಹೆಸರಿಟ್ಟಿದ್ದರು. ಚಿತ್ರ ಬಿಡಿಸುವ ಗಿಂಪ್‌ಗೆ ಅಲ್ಲಿ ಹುಟ್ಟಿದ ಚಿತ್ರಕಾರ ಜುರ್ಬರಾನ್ ಹೆಸರು. ಜನಕ್ಕೆ ಇದು ನಮ್ಮದು ಅನ್ನಿಸಲಿ ಎಂದು. ನಮ್ಮ ಕಷ್ಟ ಹೆಸರಿನದಲ್ಲ, ಅಕ್ಷರದ್ದೇ.

ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ, ಕನ್ನಡ ಗಣಕ ಪರಿಷತ್ತಿನ 'ನುಡಿ' ಅದಾದ ಕೆಲವೇ ವರ್ಷಗಳಲ್ಲಿ ಬಂದವು. ಕನ್ನಡಕ್ಕೆ ಇವು ಮಾಡಿದ ಉಪಕಾರ ಸಣ್ಣದಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆಯ ಜಾಡಿನಲ್ಲಿ ಬಂದ ಕಗಪ ವಿನ್ಯಾಸ ಲಕ್ಷಾಂತರ ಬೆರಳುಗಳಿಗೆ ರೂಢಿಯಾಯಿತು. ಆದರೆ ಆ ಕಾಲದ ಫಾಂಟುಗಳು ಒಂದು ಉಪಾಯದ ಮೇಲೆ ನಿಂತಿದ್ದವು. ಕಂಪ್ಯೂಟರಿನ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ, ಗುರುತುಗಳ ಸಂಕೇತ. ಅದರ ಮೇಲೆ ಕನ್ನಡದ ಮುಖವಾಡ. ಆ ಫಾಂಟ್ ಇರುವ ತನಕ ಕನ್ನಡ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಇದಕ್ಕೆ ಪರಿಹಾರ ಯೂನಿಕೋಡ್. ಅದರ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಲಿನಕ್ಸ್ ಹುಟ್ಟಿದ ವರ್ಷವೇ. ಕನ್ನಡಕ್ಕೆ ಅದರಲ್ಲಿ ಆಗಲೇ ಜಾಗವಿತ್ತು. 'ಕ'ಗೆ 'ಕ' ಎಂಬುದರದೇ ಸಂಕೇತ, ಯಾವ ಯಂತ್ರವಾದರೂ ಅದೇ. ಆದರೆ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಕೆಲಸ ಲಿನಕ್ಸಿನಲ್ಲಿ ಪಳಗಲು ವರ್ಷಗಳು ಬೇಕಾದವು. ಶುರುವಿನಲ್ಲಿ ಒತ್ತು ಪಕ್ಕಕ್ಕೆ ಸರಿಯುತ್ತಿತ್ತು, ಅರ್ಕಾವೊತ್ತು ದಾರಿ ತಪ್ಪುತ್ತಿತ್ತು. ಕೇದಗೆ, ಮಲ್ಲಿಗೆ, ಲೋಹಿತ್, ಆಮೇಲೆ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಬಂದವು. ಗ್ನೋಮ್, ಲಿಬ್ರೆಆಫೀಸ್, ಫೈರ್‌ಫಾಕ್ಸಿನ ಮೆನುಗಳನ್ನು ಕನ್ನಡಕ್ಕೆ ತಂದವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ, ರಾತ್ರಿ ಕೂತು ಕೆಲಸ ಮಾಡಿದವರು. ಇಂದು ಉಬುಂಟುವಿನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕಗಪ ಎಂಬ ಆಯ್ಕೆ ಸಿಗುತ್ತದೆ.

ಉಳಿದಿರುವುದು ಹಳೆಯ ಕಡತಗಳು. ನಮ್ಮ ಬಳಗದವರ ಓದಿನ ದಿನಗಳ ವರದಿಗಳಲ್ಲಿ ಒಂದಷ್ಟು ನುಡಿಯ ಹಳೆಯ ಫಾಂಟಿನಲ್ಲೇ ಇವೆ. ಪರಿವರ್ತಕಗಳಲ್ಲಿ ಹಾಕಿ ಯೂನಿಕೋಡಿಗೆ ತಂದಾಗ ಬಹುಪಾಲು ಸರಿಯಾಗಿ ಬಂತು. ಅಲ್ಲಲ್ಲಿ ದೀರ್ಘ, ಒತ್ತು ತಪ್ಪಿದ್ದವು, ಇಂಗ್ಲಿಷ್ ಪದ ಇದ್ದ ಕಡೆ ಅದೂ ಕನ್ನಡ ಅಕ್ಷರವಾಗಿ ವಿಚಿತ್ರವಾಗಿತ್ತು. ಒಬ್ಬರು ಓದಿ, ಇನ್ನೊಬ್ಬರು ತಿದ್ದಿ ಮುಗಿಸಿದೆವು. ಇದು ಹತ್ತಾರು ಪುಟದ ಮಾತು. ಒಂದು ಪಂಚಾಯ್ತಿಯಲ್ಲಿ, ಒಂದು ಸಹಕಾರ ಸಂಘದಲ್ಲಿ ಇಂಥ ಕಡತ ಎಷ್ಟಿರಬೇಡ? ಅವನ್ನು ತೆರೆಯಬಲ್ಲ ಕೊನೆಯ ಯಂತ್ರ ಗುಜರಿಗೆ ಹೋಗುವ ಮೊದಲು ಈ ಕೆಲಸ ಆಗಬೇಕು.

ಕರ್ನಾಟಕದ ಲ್ಯಾಬುಗಳು

ನಮ್ಮಲ್ಲೂ ಶಾಲೆಗೆ ಕಂಪ್ಯೂಟರ್ ಬಂದದ್ದು ಕೇರಳದ ಕಾಲಕ್ಕೇ. ಆದರೆ ದಾರಿ ಬೇರೆ. ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ. ಯಂತ್ರ ಅವರದು, ಕಲಿಸುವವರೂ ಅವರ ಕಡೆಯವರು. ಗುತ್ತಿಗೆ ಮುಗಿದ ಮೇಲೆ ಲ್ಯಾಬಿನ ಬೀಗ ತೆಗೆಯುವವರು ಯಾರು ಎಂಬ ಪ್ರಶ್ನೆ ಉಳಿಯುತ್ತಿತ್ತು. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಎಂಬ ಸಂಸ್ಥೆ ಎರಡೂ ರಾಜ್ಯಗಳ ಮಾದರಿಯನ್ನು ಹೋಲಿಸಿ ಅಧ್ಯಯನ ಮಾಡಿ, ಶಾಲೆಯ ಶಿಕ್ಷಕರೇ ಕಲಿತು ಕಲಿಸುವ ಕೇರಳದ ದಾರಿಯೇ ಗಟ್ಟಿ ಎಂದಿತು.

ಆಮೇಲೆ ಇಲ್ಲೂ ಗಾಳಿ ತಿರುಗಿತು. 2011ರ ನಂತರ ಇಲಾಖೆಯ ಜೊತೆ ಸೇರಿ ನಡೆದ ವಿಷಯ ಶಿಕ್ಷಕರ ವೇದಿಕೆಗಳಲ್ಲಿ ಗಣಿತ, ವಿಜ್ಞಾನ, ಸಮಾಜದ ಮೇಷ್ಟರುಗಳು ಉಬುಂಟು ಕಲಿತರು. ಜಿಯೋಜೀಬ್ರಾದಲ್ಲಿ ಪಾಠ ಮಾಡಿಕೊಂಡರು. ತಾವು ಮಾಡಿದ ಪಾಠಗಳನ್ನು ಕನ್ನಡದಲ್ಲೇ ಎಲ್ಲರಿಗೂ ಮುಕ್ತವಾಗಿ ಇಟ್ಟರು. ಮುಂದೆ ಬಂದ 'ಟಾಲ್ಪ್' ತರಬೇತಿಯಲ್ಲೂ ಉಬುಂಟು ಇತ್ತು. ನಿಮ್ಮೂರ ಪ್ರೌಢಶಾಲೆಯಲ್ಲಿ ಆ ತರಬೇತಿ ಪಡೆದ ಒಬ್ಬರಾದರೂ ಇರಬಹುದು. ಕೇಳಿ ನೋಡಿ.

ಹಾಗಾದರೆ ಎಲ್ಲಿಂದ ಶುರು?

ಈ ಕತೆಗಳಿಂದ ನಾವು ತೆಗೆದುಕೊಂಡ ಬುದ್ಧಿ ಇದು. ಮೊದಲು ಕಡತಗಳ ನಕಲು ಮಾಡಿ ಬೇರೆ ಕಡೆ ಇಡಿ. ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ತನ್ನಿ. ವಿಂಡೋಸ್ ಇರುವಾಗಲೇ ಅದರ ಮೇಲೆ ಲಿಬ್ರೆಆಫೀಸ್, ಫೈರ್‌ಫಾಕ್ಸ್ ಹಾಕಿಕೊಂಡು ಆರು ತಿಂಗಳು ಕೈ ಪಳಗಿಸಿ, ಫ್ರಾನ್ಸಿನ ಪೊಲೀಸರ ಹಾಗೆ. ನಂತರ ಪೆನ್ ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡಿ. ಹಾರ್ಡ್ ಡಿಸ್ಕ್ ಮುಟ್ಟದೆಯೇ ಪ್ರಿಂಟರ್, ಸ್ಕ್ಯಾನರ್, ಶಬ್ದ ಬರುತ್ತದೆಯೇ ಎಂದು ತಿಳಿಯುತ್ತದೆ. ಎಲ್ಲ ಸರಿ ಕಂಡರೆ ಮಾತ್ರ ಪೂರ್ತಿ ಹಾಕಿ.

ಎಲ್ಲರಿಗೂ ಇದು ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಲೆಕ್ಕಕ್ಕೆ ಟ್ಯಾಲಿ ಬಳಸುವವರಿಗೆ ವಿಂಡೋಸ್ ಬೇಕು. ಕೆಲವು ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್‌ಗಳಿಗೆ ವಿಂಡೋಸಿನ ಡ್ರೈವರ್ ಮಾತ್ರ ಸಿಗುತ್ತದೆ. ಅಂಥ ಕಡೆ ಒಂದು ಯಂತ್ರ ವಿಂಡೋಸಿನಲ್ಲೇ ಇರಲಿ, ಮಿಕ್ಕವು ಬದಲಾಗಲಿ.

ಎಲ್ಲಕ್ಕಿಂತ ಮೊದಲು, ಆ ಯಂತ್ರದ ಮುಂದೆ ದಿನವೂ ಕೂರುವವರನ್ನು ಕೂರಿಸಿಕೊಂಡು ಮಾತಾಡಿ. ಸೊಸೈಟಿಯ ಗುಮಾಸ್ತರು, ಲೈಬ್ರರಿಯ ಮೇಲ್ವಿಚಾರಕರು, ಶಾಲೆಯ ಟೀಚರು, ಇವರು ಒಪ್ಪಿ ಕಲಿತರೆ ಯಂತ್ರ ಉಳಿಯುತ್ತದೆ, ಕಡತವೂ ಉಳಿಯುತ್ತದೆ. ಅವರನ್ನು ಕೇಳದೆ ರಾತ್ರೋರಾತ್ರಿ ಬದಲಿಸಿದರೆ, ಮುಂದಿನ ತಿಂಗಳು ಯಾರೋ ಬಂದು ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿ ಹೋಗುತ್ತಾರೆ. ಆಗ ಬೀಗದ ಕೈ ಮತ್ತೆ ಇನ್ನೊಬ್ಬರ ಜೇಬು ಸೇರುತ್ತದೆ.